ಚಿಗಟವಾಗಿ ಕೂತ ಚಿಪ್

ಪ್ಯೂಸ್

ಫ್ರೆಂಚ್ ಕಂಪ್ಯೂಟರ್ ಕೈಪಿಡಿಗಳನ್ನು ಇಂಗ್ಲಿಷಿಗೆ ತರುವವರನ್ನು ಎಡವಿಸುವ ಪುಟ್ಟ ಪದವಿದು. ನಿಘಂಟು ತೆರೆದರೆ ಮೊದಲು ಸಿಗುವ ಅರ್ಥ ಚಿಗಟ. ಯಂತ್ರದೊಳಗೆ ಚಿಗಟಕ್ಕೇನು ಕೆಲಸ? ಅಲ್ಲಿ ಅದು ಸಿಲಿಕಾನ್ ಚಿಪ್. ಇಂಗ್ಲಿಷಿನವರು ಆ ಚೂರನ್ನು ಕಂಡು ಮರದ ಚಕ್ಕೆಯನ್ನು ನೆನೆದರು. ಫ್ರೆಂಚರಿಗೆ ಕಂಡದ್ದು ಕಪ್ಪಗೆ, ಚಿಕ್ಕದಾಗಿ ಕೂತ ಕೀಟ. ನನಗಂತೂ ಫ್ರೆಂಚರ ಕಣ್ಣೇ ಹೆಚ್ಚು ಚುರುಕೆನಿಸುತ್ತದೆ.

ಮೂಲ ಲ್ಯಾಟಿನ್ನಿನ 'ಪೂಲೆಕ್ಸ್'. ಇಟಾಲಿಯನ್ನಿನ 'ಪುಲ್ಚೆ', ಸ್ಪ್ಯಾನಿಷಿನ 'ಪುಲ್ಗಾ' ಇದರ ಒಡಹುಟ್ಟುಗಳು. ಸಂಸ್ಕೃತದ 'ಪ್ಲುಷಿ'ಯನ್ನೂ ಭಾಷಾವಿದ್ವಾಂಸರು ಇದೇ ಬಳಗಕ್ಕೆ ಸೇರಿಸುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಈ ಪದವನ್ನು ಎರವಲು ಪಡೆದದ್ದು ಕೀಟಕ್ಕಲ್ಲ, ಕಂದುಮಿಶ್ರಿತ ನೇರಳೆ ಬಣ್ಣಕ್ಕೆ! ಹಾಗಾಗಿ ಪದವನ್ನು ಇದ್ದಂತೆಯೇ ಉಳಿಸಿಕೊಂಡರೂ ಅಪಾಯ ತಪ್ಪದು.

1974ರಲ್ಲಿ ಫ್ರೆಂಚ್ ಆವಿಷ್ಕಾರಕ ರೋಲಾಂ ಮೊರೆನೊ ಪೇಟೆಂಟಿಗೆ ಅರ್ಜಿ ಹಾಕಿದ ನೆನಪಿನ ಕಾರ್ಡು ಮುಂದೆ 'ಕಾರ್ತ್ ಆ ಪ್ಯೂಸ್' ಎಂದು ಮನೆಮಾತಾಯಿತು. ಇಂಗ್ಲಿಷಿನಲ್ಲಿ ಅದು ಸ್ಮಾರ್ಟ್ ಕಾರ್ಡ್. ಪದಶಃ ತಂದರೆ 'ಚಿಗಟದ ಕಾರ್ಡ್'. ಪಟ್ಟಿಯ ಸಾಲುಗಳ ಮುಂದಿನ ಕಪ್ಪು ಚುಕ್ಕಿಯೂ ಪ್ಯೂಸ್. ಮಗುವನ್ನು ಮುದ್ದಿಸುವಾಗಲೂ 'ಮಾ ಪ್ಯೂಸ್'. ಕಿವಿಗೆ ಪ್ಯೂಸ್ ಹಾಕುವುದೆಂದರೆ ಅನುಮಾನ ಹುಟ್ಟಿಸುವುದು. ನಮ್ಮಲ್ಲಿ ತಲೆಗೆ ಹುಳ ಬಿಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇಂಗ್ಲಿಷಿನಲ್ಲಿ ಕಿವಿಯ ಚಿಗಟವೆಂದರೆ ಖಾರವಾದ ಬೈಗುಳ.

ಅನುವಾದಕರೇ, ಪ್ಯೂಸ್ ಎದುರಾದಾಗ ನಿಘಂಟಿಗಿಂತ ಮೊದಲು ಅಕ್ಕಪಕ್ಕದ ಪದಗಳನ್ನು ನೋಡಿ.