ಲೈವ್ ಹೋಗುವ ಮುನ್ನ ಟೆಸ್ಟ್ ಸಿಗ್ನಲ್, ಸ್ಕ್ರೀನ್ ಕ್ಯಾಪ್ಚರ್ ಸಿದ್ಧಪಡಿಸುವುದು ಹೇಗೆ?

ಆನ್‌ಲೈನ್ ತರಗತಿ ಇರಲಿ, ಕನ್ನಡ ಸಂಘದ ರಾಜ್ಯೋತ್ಸವ ಕಾರ್ಯಕ್ರಮ ಇರಲಿ, ನೇರಪ್ರಸಾರದ ನಡುವೆ ಚಿತ್ರ ನಿಂತರೆ ಮೊದಲು ಬೈಸಿಕೊಳ್ಳುವುದು ಇಂಟರ್ನೆಟ್. ಆದರೆ ದೋಷ ಕಂಪ್ಯೂಟರ್‌ನಲ್ಲೇ ಇರಬಹುದು. ಅದನ್ನು ಬೇರ್ಪಡಿಸಿ ನೋಡಲು ನೆರವಾಗುವುದೇ ಟೆಸ್ಟ್ ಸಿಗ್ನಲ್.

ಯೂಟ್ಯೂಬ್‌ನಲ್ಲಿ ಮೊದಲ ಬಾರಿ ಲೈವ್ ಸೌಲಭ್ಯ ಪಡೆಯಲು 24 ಗಂಟೆಯವರೆಗೂ ಕಾಯಬೇಕಾಗಬಹುದು. ಹಾಗಾಗಿ ಕಾರ್ಯಕ್ರಮದ ದಿನವೇ ತಯಾರಿ ಶುರು ಮಾಡಿದರೆ ಕೆಲಸ ಕೆಟ್ಟಂತೆಯೇ.

ಮೊದಲು ಬಣ್ಣದ ಪಟ್ಟಿ

ಹಿಂದೆ ಟಿವಿಯಲ್ಲಿ ಕಾರ್ಯಕ್ರಮಕ್ಕೂ ಮುನ್ನ ಕಾಣುತ್ತಿದ್ದ ಬಣ್ಣದ ಪಟ್ಟಿಗಳು ನೆನಪಿವೆಯೇ? ಅವೇ ಟೆಸ್ಟ್ ಸಿಗ್ನಲ್. ಜೊತೆಗೆ ಸಾಮಾನ್ಯವಾಗಿ 1000 ಹರ್ಟ್ಸ್‌ನ ಒಂದೇ ಸಮನೆಯ ಸದ್ದು ಇರುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಕ್ಯಾಮೆರಾ, ಮೈಕ್ ಇಲ್ಲದೆಯೇ ಇವೆರಡನ್ನೂ ಸೃಷ್ಟಿಸುತ್ತದೆ. ಅದರಲ್ಲಿ ಸೆಕೆಂಡುಗಳ ಎಣಿಕೆ ಓಡುವ ಮಾದರಿಯೂ ಉಂಟು. ಕಂಪ್ಯೂಟರ್‌ನಲ್ಲಿನ ಅಂಕಿ ಮತ್ತು ಮೊಬೈಲ್‌ನಲ್ಲಿ ಕಾಣುವ ಅಂಕಿ ಹೋಲಿಸಿದರೆ ಪ್ರಸಾರ ಎಷ್ಟು ತಡವಾಗುತ್ತಿದೆ ಎಂಬುದು ತಿಳಿಯುತ್ತದೆ.

ಇದನ್ನು ವಿಡಿಯೋ ಫೈಲ್ ಮಾಡಿಕೊಂಡು ಒಬಿಎಸ್ ಸ್ಟುಡಿಯೋದಲ್ಲಿ ಮೀಡಿಯಾ ಸೋರ್ಸ್ ಆಗಿ ಸೇರಿಸಿ, ಪ್ರೈವೇಟ್ ಲೈವ್‌ನಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ. ಪ್ರಸಾರ ಸರಾಗವಾಗಿದ್ದರೆ ಸ್ಟ್ರೀಮ್ ಕೀ, ಸಂಪರ್ಕ ಸರಿಯಿವೆ ಎಂದರ್ಥ. ಆದರೆ ನಿಶ್ಚಲ ಪಟ್ಟಿಗಳಿಂದ ಎನ್‌ಕೋಡರ್‌ಗೆ ಹೆಚ್ಚು ಶ್ರಮವಿಲ್ಲ. ನೃತ್ಯದಂತಹ ಚಲನೆ ಹೆಚ್ಚಿರುವ ವಿಡಿಯೋವನ್ನೂ ಓಡಿಸಿ ನೋಡಲೇಬೇಕು.

ನಂತರ ಸ್ಕ್ರೀನ್

ಡಿಸ್‌ಪ್ಲೇ ಕ್ಯಾಪ್ಚರ್ ಇಡೀ ಪರದೆಯನ್ನು ತೋರಿಸುತ್ತದೆ. ನಡುವೆ ಬರುವ ವಾಟ್ಸ್‌ಆ್ಯಪ್ ಸಂದೇಶ, ಒಟಿಪಿಯನ್ನೂ ಸೇರಿಸಿ! ಒಂದೇ ಕಿಟಕಿ ಸಾಕಿದ್ದರೆ ವಿಂಡೋ ಕ್ಯಾಪ್ಚರ್ ಸುರಕ್ಷಿತ.

ಪರದೆ ಕಪ್ಪಾಗಿ ಕಂಡರೆ ಗಾಬರಿ ಬೇಡ. ಎರಡು ಗ್ರಾಫಿಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಬಿಎಸ್ ಬೇರೆ ಚಿಪ್‌ನಲ್ಲಿ ಓಡುತ್ತಿರಬಹುದು. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಒಬಿಎಸ್‌ಗೆ ಪವರ್ ಸೇವಿಂಗ್ ಆಯ್ಕೆ ಮಾಡಿ, ಮತ್ತೆ ತೆರೆಯಿರಿ. ಮ್ಯಾಕ್‌ನಲ್ಲಾದರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಟ್ಟಿದ್ದೀರಾ ಪರಿಶೀಲಿಸಿ.

ದೋಷ ಎಲ್ಲಿದೆ?

ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ಮೂರು ಅಂಕಿ ಕೊಡುತ್ತದೆ. ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಮೇಲೆ ಹೊರೆ, ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಎನ್‌ಕೋಡರ್ ಸೋಲುತ್ತಿದೆ ಎಂದರ್ಥ; ರೆಸಲ್ಯೂಷನ್ ಇಳಿಸಿ. ನೆಟ್‌ವರ್ಕ್ ಡ್ರಾಪ್ಡ್ ಫ್ರೇಮ್ಸ್ ಏರಿದರೆ ಮಾತ್ರ ಇಂಟರ್ನೆಟ್ ಮೇಲೆ ಅನುಮಾನ ಪಡಿ. ಆಗ ಬಿಟ್‌ರೇಟ್ ತಗ್ಗಿಸಿ, ವೈಫೈ ಬಿಟ್ಟು ಕೇಬಲ್ ಬಳಸಿ.

ಧ್ವನಿಗೆ ಮೀಟರ್ ಗಮನಿಸಿ: ಮಾತು ಹಳದಿ ಪಟ್ಟಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡೆಸಿಬಲ್ ನಡುವೆ ಇರಲಿ. ಲೈವ್‌ಗೆ ಮುನ್ನ ಟೆಸ್ಟ್ ಸದ್ದನ್ನು ಮ್ಯೂಟ್ ಮಾಡುವುದನ್ನು ಮರೆಯಬೇಡಿ.