ರಾಗಿಯ ಚರಿತ್ರೆ: ಹೊಲದಿಂದ ಮಗುವಿನ ತಟ್ಟೆಗೆ

ಹಳೇಬೀಡಿಗೆ ಬರುವ ಯಾತ್ರಿಕರು ಸಮೀಪದ ಬಸ್ತಿಹಳ್ಳಿಗೂ ಹೋಗುವುದುಂಟು. ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಿಗೆ ಬೆರಗಾಗುವ ತಾವು, ಈ ಸೀಮೆಯ ಮಳೆಯಾಶ್ರಿತ ಹೊಲಗಳತ್ತಲೂ ಒಮ್ಮೆ ಕಣ್ಣು ಹಾಯಿಸಬೇಕೆಂದು ಬಿನ್ನಹ. ಇಲ್ಲಿಯ ಮಕ್ಕಳನ್ನು ತಲೆತಲಾಂತರದಿಂದ ಸಾಕಿದ ರಾಗಿಗೂ ಒಂದು ಚರಿತ್ರೆಯಿದೆ.

ರಾಗಿ ಹಿರಿದೋ ಅಕ್ಕಿ ಹಿರಿದೋ ಎಂಬ ವಿವಾದವನ್ನು ಕನಕದಾಸರು ಹದಿನಾರನೆಯ ಶತಮಾನದಲ್ಲಿಯೇ 'ರಾಮಧಾನ್ಯ ಚರಿತೆ'ಯಲ್ಲಿ ಶ್ರೀರಾಮನ ಮುಂದಿಟ್ಟರು. ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದ ರಾಗಿಗೇ ಜಯವಾಯಿತು. ಮನೆಗಳಲ್ಲಿ ಗೆದ್ದದ್ದು ಮಾತ್ರ ಅಕ್ಕಿ! ಹಬ್ಬಕ್ಕೂ ನೆಂಟರಿಗೂ ಅನ್ನ, ದುಡಿಮೆಗೆ ಮುದ್ದೆ ಎಂದಿದ್ದುದು, ಕೈಯಲ್ಲಿ ಕಾಸು ಆಡತೊಡಗಿದೊಡನೆ ನಿತ್ಯವೂ ಅನ್ನವೆಂದಾಯಿತು. ಲಕ್ಷ್ಮಣಯ್ಯನವರ 'ಇಂಡಾಫ್' ತಳಿಗಳು ರಾಗಿಯ ಇಳುವರಿಯನ್ನು ಹೆಚ್ಚಿಸಿದವು. ಕಣದಲ್ಲಿ ಹೆಚ್ಚಿದ್ದು ತಟ್ಟೆಯಲ್ಲಿ ಕಡಿಮೆಯಾದುದು ವಿಚಿತ್ರವೇ ಸರಿ.

ನಷ್ಟ ಮಕ್ಕಳ ಮೂಳೆಗೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಕ್ಯಾಲ್ಸಿಯಂ ಉಂಟು. ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಎಳೆಮಕ್ಕಳಿಗೆ 'ಸರಿ' ಕಾಯಿಸುತ್ತಿದ್ದರು. ಮೊಳಕೆಯಿಂದ ಕಾಳಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದೆಂದು ವಿಜ್ಞಾನಿಗಳು ಹೇಳಿದ್ದು ಬಹಳ ತಡವಾಗಿ.

2024ರಲ್ಲಿ ಸರ್ಕಾರವು ಶಾಲೆಯ ಹಾಲಿಗೆ ರಾಗಿ ಹಿಟ್ಟಿನ ಮಿಶ್ರಣವನ್ನು ಸೇರಿಸಿತು. ಸಂತೋಷ. ಆದರೆ ರಾತ್ರಿಯ ತಟ್ಟೆ ಮನೆಯದು. ತಂದೆ ತಾನು ಅನ್ನ ಕಲಸಿಕೊಂಡು ಮಗನ ಮುಂದೆ ಮಾತ್ರ ಮುದ್ದೆಯಿಟ್ಟರೆ, ಅವನು ಅದನ್ನು ಮುಟ್ಟಿಯಾನೇ?