ಪಿಯುಸಿ ನಂತರ ಆಕ್ಚುರಿಯಲ್ ಸೈನ್ಸ್: ಓದಿನ ಮಧ್ಯೆಯೇ ಕಂಪನಿ ಕೆಲಸ, ಏನಿದು ಕೋರ್ಸ್? ಖರ್ಚು, ದಾರಿ, ಎಚ್ಚರಿಕೆ

ದ್ವಿತೀಯ ಪಿಯುಸಿ ರಿಸಲ್ಟ್ ಬಂದ ವಾರ ತಾಲೂಕಿನ ಬಹುತೇಕ ಮನೆಗಳಲ್ಲಿ ಮಾತೆಲ್ಲ ಸಿಇಟಿ, ನೀಟ್, ಬಿಕಾಂ ಸುತ್ತಲೇ. ಗಣಿತದಲ್ಲಿ ತೊಂಬತ್ತು ದಾಟಿದ ಮಕ್ಕಳಿಗೂ ‘ಇಂಜಿನಿಯರಿಂಗ್ ಸೇರಿಸಿಬಿಡಿ’ ಅನ್ನೋ ಸಲಹೆ ಬಿಟ್ಟರೆ ಬೇರೆ ಸಿಗೋದು ಕಡಿಮೆ. ಗಣಿತ ಮತ್ತು ಸಂಖ್ಯಾಶಾಸ್ತ್ರ ಎರಡರಲ್ಲೂ ಆಸಕ್ತಿ ಇರುವವರಿಗೆ ಇನ್ನೊಂದು ದಾರಿ ಇದೆ. ಅದೇ ಆಕ್ಚುರಿಯಲ್ ಸೈನ್ಸ್, ಅಂದರೆ ವಿಮಾ ಗಣಿತ. ಇದನ್ನು ಓದಿ, ವೃತ್ತಿ ಪರೀಕ್ಷೆಗಳನ್ನು ಪಾಸು ಮಾಡಿದವರೇ ಆಕ್ಚುವರಿ.

ಆಕ್ಚುವರಿ ಮಾಡುವ ಕೆಲಸ ಅಂಗಡಿಯವರಿಗೆ ಬೇಗ ಅರ್ಥವಾಗುತ್ತೆ. ಒಂದು ಪೇಟೆಯಲ್ಲಿ 1,000 ಅಂಗಡಿ ಇವೆ ಅಂದುಕೊಳ್ಳಿ. ವರ್ಷಕ್ಕೆ ಸರಾಸರಿ 2 ಅಂಗಡಿಗೆ ಬೆಂಕಿ ಬೀಳುತ್ತೆ, ತಲಾ 5 ಲಕ್ಷ ರೂ. ನಷ್ಟ. ಒಟ್ಟು 10 ಲಕ್ಷ. ಎಲ್ಲರಿಗೂ ಹಂಚಿದರೆ ಅಂಗಡಿಗೆ 1,000 ರೂ. ಇಷ್ಟನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ತಲೆನೋವು ಶುರುವಾಗೋದು ಇದರ ನಂತರ. ಒಂದು ವರ್ಷ 2ರ ಬದಲು 5 ಅಂಗಡಿ ಸುಟ್ಟರೆ ಕೊಡಬೇಕಾದ್ದು 25 ಲಕ್ಷ, ಕೈಯಲ್ಲಿರೋದು 10 ಲಕ್ಷ. ಹಾಗಾದರೆ ಎಷ್ಟು ಹಣ ಮೀಸಲಿಡಬೇಕು? ಬಟ್ಟೆ ಅಂಗಡಿಗೂ ಕಬ್ಬಿಣದ ಅಂಗಡಿಗೂ ಒಂದೇ ಪ್ರೀಮಿಯಂ ಹಾಕಿದರೆ ನ್ಯಾಯವೇ? ಇವತ್ತು ಪಡೆದ ಹಣ ಇಪ್ಪತ್ತು ವರ್ಷದ ನಂತರ ಕೊಡಬೇಕಾದ ಪಾಲಿಸಿಗೆ ಸಾಲುತ್ತಾ? ಇಂಥ ಪ್ರಶ್ನೆಗೆ ಉತ್ತರ ಬರೆದು, ಅದಕ್ಕೆ ಸಹಿ ಹಾಕುವವರು ಆಕ್ಚುವರಿ. ಲೆಕ್ಕ ತಪ್ಪಿದರೆ ಒಂದೋ ಗ್ರಾಹಕರು ಹೆಚ್ಚು ಕಟ್ಟುತ್ತಾರೆ, ಇಲ್ಲ ಕ್ಲೇಮ್ ಕೊಡಲು ಕಂಪನಿಯಲ್ಲಿ ದುಡ್ಡಿರಲ್ಲ.

ಇವರ ಹೆಸರು ಕೇಳದಿದ್ದರೂ ಇವರ ಲೆಕ್ಕದ ಬಿಸಿ ಹಳ್ಳಿಗೂ ತಟ್ಟಿದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲು ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಆದರೆ ಅದು ಪೂರ್ತಿ ಪ್ರೀಮಿಯಂ ಅಲ್ಲ. ನಿಜವಾದ ದರವನ್ನು ವಿಮಾ ಗಣಿತದ ಮೇಲೆ ನಿಗದಿ ಮಾಡಿ, ಉಳಿದ ಹಣವನ್ನು ಸರ್ಕಾರಗಳು ಸಬ್ಸಿಡಿಯಾಗಿ ತುಂಬುತ್ತವೆ. ಸರ್ಕಾರಿ ನೌಕರರ ಸಂಬಳದಲ್ಲಿ ಕಡಿತವಾಗುವ ಕೆಜಿಐಡಿಯಲ್ಲಿ ಬೋನಸ್ ಘೋಷಣೆ ಆಗೋದೂ ಇಂಥದೇ ಮೌಲ್ಯಮಾಪನದ ನಂತರ.

ಓದು ನಾಲ್ಕು ತಿಂಗಳು, ಕೆಲಸ ನಾಲ್ಕು ತಿಂಗಳು

ಈ ವಿದ್ಯೆಯನ್ನು ಕಂಪನಿ ಕೆಲಸದ ಜೊತೆ ಹೆಣೆದು ಕಲಿಸುವ ವಿಶ್ವವಿದ್ಯಾಲಯಗಳಲ್ಲಿ ಕೆನಡಾದ ವಾಟರ್‌ಲೂ ದೊಡ್ಡ ಹೆಸರು. 1957ರಲ್ಲಿ ಶುರುವಾದಾಗಿಂದಲೇ ಅಲ್ಲಿ ‘ಕೋ-ಆಪ್’ ಪದ್ಧತಿ ಇದೆ. ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಭಾಗ ಮಾಡಿ, ಕೆಲವು ಭಾಗ ತರಗತಿಯಲ್ಲಿ, ಕೆಲವು ಭಾಗ ಕಂಪನಿಯಲ್ಲಿ ಕಳೆಯಬೇಕು. ಡಿಗ್ರಿ ಮುಗಿಯಲು ಹತ್ತಿರ ಹತ್ತಿರ ಐದು ವರ್ಷ. ಅಷ್ಟರಲ್ಲಿ ವಿದ್ಯಾರ್ಥಿ ಐದಾರು ಬಾರಿ ಸಂಬಳ ಪಡೆದು ಕೆಲಸ ಮಾಡಿರುತ್ತಾನೆ. ವಾಟರ್‌ಲೂ ಊರೇ ವಿಮೆಯ ಊರು. 1870ರಷ್ಟು ಹಿಂದೆಯೇ ಅಲ್ಲಿ ಮ್ಯೂಚುಯಲ್ ಲೈಫ್ ಎಂಬ ಜೀವವಿಮಾ ಕಂಪನಿ ಶುರುವಾಗಿತ್ತು, ಈಗ ಅದು ಸನ್ ಲೈಫ್‌ನಲ್ಲಿ ಸೇರಿಹೋಗಿದೆ. ಕಾಲೇಜಿನ ಪಕ್ಕದಲ್ಲೇ ಕಸುಬಿನವರು ಇದ್ದರೆ ಆಗುವ ಅನುಕೂಲ ಬೇರೆಯೇ.

ಬ್ರಿಟನ್ನಿನಲ್ಲಿ ಪದ್ಧತಿ ಬೇರೆ. ಕ್ಯಾಂಟರ್ಬರಿಯ ಕೆಂಟ್ ವಿಶ್ವವಿದ್ಯಾಲಯದಂಥ ಕಡೆ ಎರಡು ವರ್ಷ ಓದಿ, ಮೂರನೇ ವರ್ಷ ಪೂರ್ತಿ ಕಂಪನಿಯಲ್ಲಿ ದುಡಿದು, ನಾಲ್ಕನೇ ವರ್ಷ ಮತ್ತೆ ಕಾಲೇಜಿಗೆ ಬರೋದು. ಎರಡು ಬ್ರೆಡ್ಡಿನ ಮಧ್ಯೆ ಪಲ್ಯ ಇಟ್ಟ ಹಾಗೆ ಅಂತ ಅವರು ಇದನ್ನು ಸ್ಯಾಂಡ್‌ವಿಚ್ ಕೋರ್ಸ್ ಅಂತಲೇ ಕರೆಯುತ್ತಾರೆ.

ಕಂಪನಿಗೆ ಹೋದವರಿಗೆ ಮೊದಲ ದಿನವೇ ಪ್ರೀಮಿಯಂ ನಿಗದಿ ಮಾಡುವ ಕೆಲಸ ಕೊಡಲ್ಲ. ಪಾಲಿಸಿದಾರರ ದಾಖಲೆಯಲ್ಲಿ ಹುಟ್ಟಿದ ದಿನಾಂಕ ತಪ್ಪಿದೆಯಾ, ಒಂದೇ ಪಾಲಿಸಿ ಎರಡು ಸಲ ಬಂದಿದೆಯಾ ಅಂತ ಹುಡುಕೋದು, ಎಕ್ಸೆಲ್ ಶೀಟು ಸರಿ ಮಾಡೋದು, ಕಳೆದ ವರ್ಷದ ಕ್ಲೇಮಿಗೂ ಈ ವರ್ಷದ್ದಕ್ಕೂ ಯಾಕೆ ವ್ಯತ್ಯಾಸ ಅಂತ ವರದಿ ಬರೆಯೋದು, ಇಂಥವೇ ಶುರುವಿಗೆ. ಬೇಸರದ ಕೆಲಸ ಅನ್ನಿಸಬಹುದು. ಆದರೆ ಪುಸ್ತಕದಲ್ಲಿ ಅಂಕಿ ಅಂಶ ಯಾವಾಗಲೂ ಚೊಕ್ಕವಾಗಿರುತ್ತೆ, ಕಂಪನಿಯಲ್ಲಿ ಹಾಗಿರಲ್ಲ ಅನ್ನೋದು ಅಲ್ಲೇ ಗೊತ್ತಾಗೋದು. ಕೆಲಸ ಕೊಡುವವರು ಅನುಭವ ಕೇಳೋದೂ ಇದಕ್ಕೇ.

‘ಪ್ಲೇಸ್‌ಮೆಂಟ್’ ಅನ್ನೋ ಪದದ ಗೊಂದಲ

ಪೋಷಕರು ಎಡವುವುದು ಇಲ್ಲೇ. ನಮ್ಮ ಕಡೆ ಪ್ಲೇಸ್‌ಮೆಂಟ್ ಅಂದರೆ ಓದು ಮುಗಿದ ಮೇಲೆ ಕಾಲೇಜಿಗೇ ಕಂಪನಿ ಬಂದು ಕೊಡುವ ನೌಕರಿ. ಬ್ರಿಟನ್ನಿನ ಕೋರ್ಸ್ ಪುಸ್ತಿಕೆಯಲ್ಲಿ ಅದೇ ಪದಕ್ಕೆ ಓದಿನ ಮಧ್ಯದ ತಾತ್ಕಾಲಿಕ ಕೆಲಸ ಅಂತ ಅರ್ಥ. ಅದು ಮುಗಿದ ಮೇಲೆ ಕಂಪನಿ ಮತ್ತೆ ಕರೆಯಬಹುದು, ಕರೆಯದೆಯೂ ಇರಬಹುದು. ‘ಪ್ಲೇಸ್‌ಮೆಂಟ್ ಇರೋ ಕೋರ್ಸು, ಕೆಲಸ ಗ್ಯಾರಂಟಿ’ ಅಂತ ಯಾವುದಾದರೂ ಏಜೆನ್ಸಿ ಹೇಳಿದರೆ ಎರಡು ಬೇರೆ ಬೇರೆ ಮಾತನ್ನು ಗಂಟು ಹಾಕಿದ್ದಾರೆ ಅಂತಲೇ ತಿಳಿಯಬೇಕು.

ಇನ್ನೊಂದು ಮುಖ್ಯ ವಿಷಯ: ಮಧ್ಯದ ಆ ಕೆಲಸವನ್ನೂ ವಿಶ್ವವಿದ್ಯಾಲಯ ತಟ್ಟೆಯಲ್ಲಿಟ್ಟು ಕೊಡಲ್ಲ. ವಿದ್ಯಾರ್ಥಿಯೇ ಅರ್ಜಿ ಹಾಕಿ, ಇಂಟರ್‌ವ್ಯೂ ಎದುರಿಸಬೇಕು. ವಿಶ್ವವಿದ್ಯಾಲಯ ರೆಸ್ಯೂಮೆ ತಿದ್ದಿ, ಕಂಪನಿಗಳ ಪರಿಚಯ ಮಾಡಿಸುತ್ತೆ ಅಷ್ಟೇ. ಕೆಲಸ ಸಿಗದಿದ್ದರೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಮಾಮೂಲಿ ಡಿಗ್ರಿಗೆ ವರ್ಗಾಯಿಸುತ್ತಾರೆ. ‘ಹಾಗೆ ಆದರೆ ಮಗಳ ವೀಸಾ ಕಥೆ ಏನು, ಫೀಸು ಎಷ್ಟು’ ಅನ್ನೋ ಪ್ರಶ್ನೆಗೆ ದುಡ್ಡು ಕಟ್ಟುವ ಮೊದಲೇ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ತರಿಸಿಕೊಳ್ಳೋದು ಒಳ್ಳೇದು.

ಸಾಲದ ಲೆಕ್ಕವನ್ನೂ ನೋಡಬೇಕು. ಶಿಕ್ಷಣ ಸಾಲ 7.5 ಲಕ್ಷ ರೂ. ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ವಿದೇಶದ ಓದು ಆ ಮಿತಿಯನ್ನು ಮೊದಲ ವರ್ಷದಲ್ಲೇ ದಾಟುತ್ತೆ. ಅಂದರೆ ಮನೆಯೋ ಸೈಟೋ ಅಂಗಡಿ ಕಟ್ಟಡವೋ ಅಡ ಹೋಗುತ್ತೆ. ಕಂಪನಿಯಲ್ಲಿ ಸಿಗುವ ಸಂಬಳ ಊಟ, ಬಾಡಿಗೆಗೆ ನೆರವಾದೀತು. ಅದರಲ್ಲೇ ಫೀಸು ಕಟ್ಟಿಬಿಡಬಹುದು ಅಂತ ಲೆಕ್ಕ ಹಾಕಿ ಸಾಲಕ್ಕೆ ಸಹಿ ಮಾಡೋದು ಅಪಾಯ.

ಡಿಗ್ರಿ ಸಿಕ್ಕಿದರೆ ಆಕ್ಚುವರಿ ಆದಂತಲ್ಲ

ಎಲ್ಲಿ ಓದಿದರೂ ಆಕ್ಚುವರಿ ಪಟ್ಟ ಕೊಡೋದು ವೃತ್ತಿ ಸಂಸ್ಥೆ. ಸಿಎ ಮಾಡಿದವರಿಗೆ ಇದು ಹೊಸದೇನಲ್ಲ, ಬಿಕಾಂ ಆದ ಮಾತ್ರಕ್ಕೆ ಯಾರೂ ಸಿಎ ಆಗಲ್ಲ. ಮಾನ್ಯತೆ ಪಡೆದ ಡಿಗ್ರಿಯಲ್ಲಿ ಒಳ್ಳೆ ಅಂಕ ಬಂದರೆ ಬ್ರಿಟನ್ನಿನ ವೃತ್ತಿ ಸಂಸ್ಥೆ ಕೆಲವು ಪೇಪರ್‌ಗಳಿಂದ ವಿನಾಯಿತಿ ಕೊಡುತ್ತೆ. ಉಳಿದವನ್ನು ಕೆಲಸ ಮಾಡುತ್ತಲೇ, ರಾತ್ರಿ ಕೂತು ಓದಿ ಪಾಸು ಮಾಡಬೇಕು. ಅದಕ್ಕೆ ಹಲವು ವರ್ಷ ಹಿಡಿಯುತ್ತೆ.

ಭಾರತದಲ್ಲಿ ಈ ಕೆಲಸ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ್ದು. 1944ರಲ್ಲಿ ಹುಟ್ಟಿದ ಸೊಸೈಟಿಗೆ 2006ರ ಆಕ್ಚುವರೀಸ್ ಕಾಯ್ದೆಯಿಂದ ಶಾಸನಬದ್ಧ ಸ್ಥಾನ ಸಿಕ್ಕಿತು. ಪಿಯುಸಿ ಮುಗಿಸಿದವರು ‘ಎಸೆಟ್’ ಎಂಬ ಪ್ರವೇಶ ಪರೀಕ್ಷೆ ಬರೆದು ಇಲ್ಲಿ ವಿದ್ಯಾರ್ಥಿ ಸದಸ್ಯರಾಗಬಹುದು. ಗಣಿತ, ಸಂಖ್ಯಾಶಾಸ್ತ್ರ, ಅಂಕಿ ಅಂಶ ವಿಶ್ಲೇಷಣೆ, ಇಂಗ್ಲಿಷ್, ತರ್ಕ ಇದರ ವಿಷಯಗಳು. ವಿಶೇಷ ಡಿಗ್ರಿಯೇ ಬೇಕು ಅಂತಿಲ್ಲ. ಹತ್ತಿರದ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಇಟ್ಟುಕೊಂಡು ಬಿಎಸ್‌ಸಿ ಮಾಡುತ್ತಾ ಈ ಪೇಪರ್‌ಗಳನ್ನು ಬರೆಯಬಹುದು. ಖರ್ಚಿನಲ್ಲಿ ವಿದೇಶಕ್ಕೂ ಇದಕ್ಕೂ ಅಜಗಜಾಂತರ.

ಆದರೆ ಈ ದಾರಿಯಲ್ಲಿ ಕೊರತೆಯೂ ಇದೆ: ಕಂಪನಿ ಅನುಭವ ಕೋರ್ಸಿನೊಳಗೆ ಸೇರಿಲ್ಲ. ಮೂರ್ನಾಲ್ಕು ಪೇಪರ್ ಪಾಸಾಗಿಯೂ ಮೊದಲ ಕೆಲಸಕ್ಕೆ ಅಲೆಯುವವರು ಇದ್ದಾರೆ. ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಅನ್ನು ತಾವೇ ಹುಡುಕಿಕೊಳ್ಳಬೇಕು. ಸ್ವಿಸ್ ರೀಯಂಥ ಮರುವಿಮಾ ಕಂಪನಿಯ ದೊಡ್ಡ ಕಚೇರಿ ಬೆಂಗಳೂರಿನಲ್ಲೇ ಇರೋದರಿಂದ ನಮ್ಮ ರಾಜ್ಯದವರಿಗೆ ಓಡಾಟ ಸ್ವಲ್ಪ ಹತ್ತಿರ.

ಪಿಯುನಲ್ಲಿ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಎಸ್ ತೆಗೆದುಕೊಂಡವರಿಗೆ ಗಣಿತದ ತಳಹದಿ ಇರುತ್ತೆ. ಕಾಮರ್ಸ್‌ನಲ್ಲಿ ಗಣಿತ ಬಿಟ್ಟವರಿಗೆ ವಿದೇಶದ ಈ ಕೋರ್ಸ್ ಕಷ್ಟ, ಎಸೆಟ್‌ಗೂ ಹೆಚ್ಚು ತಯಾರಿ ಬೇಕು. ಹತ್ತನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಯವರು ಕಾಂಬಿನೇಷನ್ ಆರಿಸುವಾಗಲೇ ಇದನ್ನು ಗಮನಿಸಬೇಕು.

ವಿದೇಶಕ್ಕೆ ಹೋಗೋದೇ ಅಂತ ತೀರ್ಮಾನಿಸಿದವರು ಪಿಯುಸಿ ರಿಸಲ್ಟಿಗೆ ಕಾಯುವ ಹಾಗಿಲ್ಲ. ಅಲ್ಲಿ ತರಗತಿ ಶುರುವಾಗೋದು ಸೆಪ್ಟೆಂಬರ್‌ನಲ್ಲಿ, ಬ್ರಿಟನ್ನಿನ ಮುಖ್ಯ ಅರ್ಜಿ ಗಡುವು ಅದೇ ವರ್ಷದ ಜನವರಿ. ಅಂದರೆ ದ್ವಿತೀಯ ಪಿಯು ಓದುತ್ತಿರುವಾಗಲೇ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕಪಟ್ಟಿ ಹಿಡಿದು ಅರ್ಜಿ ಹಾಕಿರಬೇಕು. ಎಸೆಟ್‌ಗೆ ಅಷ್ಟು ಅವಸರವಿಲ್ಲ, ಅದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತೆ.